ಮನೆಯಲ್ಲಿರುವ ಪಿನ್‌ಬಾಲ್ ಮಷೀನುಗಳಲ್ಲಿ ಯಾವುದು ಮೇಲು?

ಪಿನ್‌ಬಾಲ್ ಎಂದರೆ ಗಾಜಿನಡಿಯ ಇಳಿಜಾರು ಹಲಗೆಯ ಮೇಲೆ ಉಕ್ಕಿನ ಚೆಂಡನ್ನು ಕೆಳಗೆ ಬೀಳದಂತೆ ಹೊಡೆಯುತ್ತಾ ಅಂಕ ಗಳಿಸುವ ಆಟ. ಬಾರಿನಲ್ಲಿ ಎರಡು ಆಟ ಆಡಿ ಎದ್ದುಹೋಗುವವರಿಗೆ ಪಿನ್‌ಬಾಲ್ ಮಷೀನಿನ ಬೆಳಕು, ಸದ್ದು, ಗೊಂಬೆ ಸಾಕು. ಮನೆಗೆ ತಂದಮೇಲೆ ಅದೇ ಮಷೀನು ವರ್ಷಗಟ್ಟಲೆ ಕಣ್ಣೆದುರು ಇರುತ್ತದೆ. ಗೊಂಬೆಯ ಬೆರಗು ಬೇಗ ಇಳಿಯುತ್ತದೆ. ಉಳಿಯುವುದು ಎರಡು: ಫ್ಲಿಪ್ಪರಿನಿಂದ (ಗುಂಡಿ ಒತ್ತಿದರೆ ಚೆಂಡನ್ನು ಹೊಡೆಯುವ ಸಣ್ಣ ತೋಳು) ಹೊರಟ ಚೆಂಡು ರ್ಯಾಂಪು (ಏರುದಾರಿ) ಹತ್ತಿ ಮತ್ತೆ ಫ್ಲಿಪ್ಪರಿಗೇ ಬಂದು ಬೀಳುವ ಓಟ, ಮತ್ತು ಮುಂದೆ ಯಾವುದನ್ನು ಹೊಡೆಯಲಿ ಎನ್ನುವ ಲೆಕ್ಕಾಚಾರ. ಈ ಎರಡನ್ನೇ ಇಟ್ಟುಕೊಂಡು ನಾನು ಈಚಿನ ಆರು ಮಷೀನುಗಳ ಸಾಲು ಹಾಕುವುದು. ಅಮೆರಿಕದಲ್ಲಿ ಬೇಸ್‌ಮೆಂಟಿನಲ್ಲಿ ಮಷೀನು ಇಟ್ಟುಕೊಂಡಿರುವ, ಕೊಳ್ಳಲು ಯೋಚಿಸುತ್ತಿರುವ ಕನ್ನಡದವರಿಗೂ ಇದು ಉಪಯೋಗಕ್ಕೆ ಬರಬಹುದು.

ಸಾಲು ಹಾಕುವ ಮೊದಲು ಒಂದು ಮಾತು. ಮಷೀನು ಸರಿಯಾಗಿ ನಿಲ್ಲಿಸದೆ ‘ಈ ಆಟ ಚೆನ್ನಾಗಿಲ್ಲ’ ಎಂದು ತೀರ್ಪು ಕೊಡುವವರು ತುಂಬಾ ಜನ. ವಾಲಿದ ಕೇರಂ ಬೋರ್ಡಿನಲ್ಲಿ ಆಡಿ ಸ್ಟ್ರೈಕರನ್ನು ಬೈದ ಹಾಗೆ ಅದು. ಎಲ್ಲ ಮಷೀನುಗಳ ಇಳಿಜಾರನ್ನೂ 6.5 ಡಿಗ್ರಿಗೆ ತನ್ನಿ. ಅಳತೆ ತೆಗೆಯಬೇಕಾದ್ದು ಗಾಜು ತೆಗೆದು, ಪ್ಲೇಫೀಲ್ಡಿನ (ಚೆಂಡು ಓಡುವ ಹಲಗೆಯ) ಮೇಲೆ. ಕ್ಯಾಬಿನೆಟ್ಟಿನ ಅಂಚಿನಲ್ಲಿ ಅಲ್ಲ. ಪಕ್ಕದಲ್ಲಿರುವ ಗುಳ್ಳೆಯ ಮಟ್ಟವನ್ನೂ ನೆಚ್ಚಬೇಡಿ, ಡಿಜಿಟಲ್ ಲೆವೆಲ್ ಬಳಸಿ. ಎಡಬಲದ ಮಟ್ಟವನ್ನು ಎರಡು ಕಡೆ ನೋಡಿ, ಫ್ಲಿಪ್ಪರ್ ಹತ್ತಿರ ಒಮ್ಮೆ, ಹಿಂದೆ ಮೇಲ್ಭಾಗದಲ್ಲಿ ಒಮ್ಮೆ. ಒಂದೊಂದು ಕಾಲಿಗೆ ಎರಡೆರಡು ಬೋಲ್ಟು, ಒಟ್ಟು ಎಂಟು. ಅವು ಸಡಿಲವಿದ್ದರೆ ಎಷ್ಟು ಸಲ ಮಟ್ಟ ಮಾಡಿದರೂ ನಿಲ್ಲುವುದಿಲ್ಲ. ಕಾರ್ಪೆಟ್ಟಿನ ಮೇಲೆ ಕಾಲು ನಿಧಾನಕ್ಕೆ ಹೂತುಕೊಳ್ಳುತ್ತದೆ, ಹಾಗಾಗಿ ಒಂದು ವಾರ ಬಿಟ್ಟು ಮತ್ತೆ ಅಳೆಯಿರಿ. ಇಳಿಜಾರು ಕಡಿಮೆಯಾದರೆ ಚೆಂಡು ತೇಲಿದಂತೆ ಅಡ್ಡಾಡುತ್ತದೆ, ಹೆಚ್ಚಾದರೆ ಸ್ವಲ್ಪ ಸೋತ ಫ್ಲಿಪ್ಪರಿಗೂ ರ್ಯಾಂಪು ಎಟುಕುವುದಿಲ್ಲ. ಚೆಂಡುಗಳ ಸಂಖ್ಯೆ, ಬಾಲ್ ಸೇವ್ ಸಮಯ (ಬೇಗ ಬಿದ್ದ ಚೆಂಡನ್ನು ಮಷೀನು ವಾಪಸ್ ಕೊಡುವ ಅವಧಿ), ಔಟ್‌ಲೇನ್ (ಚೆಂಡು ಕಳೆದುಹೋಗುವ ಪಕ್ಕದ ಓಣಿ) ಕಂಬಗಳ ಜಾಗ ಎಲ್ಲ ಮಷೀನಿನಲ್ಲೂ ಒಂದೇ ಮಟ್ಟದ ಕಷ್ಟಕ್ಕೆ ಇಟ್ಟರೆ ಮಾತ್ರ ಹೋಲಿಕೆಗೆ ಅರ್ಥ.

ಇನ್ನು ಸಾಲಿಗೆ ಬರೋಣ. ಮೊದಲ ಸ್ಥಾನ ಸ್ಟರ್ನ್ ಕಂಪನಿಯ ಗಾಡ್‌ಜಿಲ್ಲಾಗೆ (2021). ವಿನ್ಯಾಸ ಕೀತ್ ಎಲ್ವಿನ್ ಅವರದು. ಪಿನ್‌ಬಾಲ್ ಟೂರ್ನಮೆಂಟುಗಳಲ್ಲಿ ವರ್ಷಗಟ್ಟಲೆ ಗೆದ್ದ ಆಟಗಾರ ಆಮೇಲೆ ವಿನ್ಯಾಸಕ್ಕೆ ಬಂದರೆ ಏನಾಗುತ್ತದೆ ಎಂಬುದು ಈ ಮಷೀನಿನಲ್ಲಿ ಕಾಣುತ್ತದೆ. ಮೂರು ಫ್ಲಿಪ್ಪರ್; ಯಾವ ಹೊಡೆತವೂ ಸುಮ್ಮನೆ ವ್ಯರ್ಥವಾಗುವುದಿಲ್ಲ. ಎಬಿರಾ, ಟೈಟಾನೊಸಾರಸ್, ಗೈಗನ್ ಮುಂತಾದ ಮೃಗಗಳ ಜೊತೆ ಕಾಳಗ ಶುರುಮಾಡಬಹುದು. ಮೋತ್ರಾ, ರೋಡಾನ್, ಆಂಗ್ವಿರಸ್ ಇವರನ್ನು ಜೊತೆಗೆ ಕರೆದುಕೊಳ್ಳಬಹುದು. ಮಿತ್ರನನ್ನು ಕಾಳಗಕ್ಕೆ ಮುಂಚೆ ತರಬೇಕೋ, ಮಲ್ಟಿಬಾಲ್ (ಒಟ್ಟಿಗೆ ಹಲವು ಚೆಂಡು ಓಡುವ ಆಟ) ಹತ್ತಿರವಾದಮೇಲೆ ಕಾಳಗ ಶುರುಮಾಡಿ ಎರಡನ್ನೂ ಒಟ್ಟಿಗೆ ಓಡಿಸಬೇಕೋ, ಇದನ್ನು ಚೆಂಡು ಓಡುತ್ತಿರುವಾಗಲೇ ತೀರ್ಮಾನಿಸಬೇಕು. ಹೊಸಬರಿಗೆ ಇದ್ಯಾವುದೂ ಗೊತ್ತಿರಬೇಕಿಲ್ಲ, ಕಟ್ಟಡಕ್ಕೆ ಹೊಡೆದರೂ ಖುಷಿಯಾಗುತ್ತದೆ. ನೂರಾರು ಆಟ ಆಡಿದವರಿಗೂ ಒಂದು ಹೊಸ ದಾರಿ ಸಿಗುತ್ತದೆ. ಈ ಎರಡು ಗುಣ ಒಂದೇ ಮಷೀನಿನಲ್ಲಿ ಸಿಗುವುದು ಅಪರೂಪ.

ಸ್ಟರ್ನ್ ಮಷೀನುಗಳು ಪ್ರೋ, ಪ್ರೀಮಿಯಂ, ಲಿಮಿಟೆಡ್ ಎಂದು ಮೂರು ದರ್ಜೆಯಲ್ಲಿ ಬರುತ್ತವೆ. ಸಾಮಾನ್ಯವಾಗಿ ಪ್ರೋ ಸಾಕು ಎನ್ನುವವನು ನಾನು. ಗಾಡ್‌ಜಿಲ್ಲಾ ಒಂದಕ್ಕೆ ಮಾತ್ರ ಪ್ರೀಮಿಯಂ ಎನ್ನುತ್ತೇನೆ. ಅಂತಸ್ತು ಅಂತಸ್ತಾಗಿ ಕುಸಿಯುವ ಕಟ್ಟಡ, ಮುರಿದು ಬೀಳುವ ಸೇತುವೆ ಪ್ರೋದಲ್ಲಿಲ್ಲ, ಮತ್ತು ಇವು ಅಲಂಕಾರಕ್ಕಷ್ಟೇ ಇಟ್ಟವಲ್ಲ, ಚೆಂಡಿನ ದಾರಿಯನ್ನೇ ಬದಲಿಸುತ್ತವೆ. ಆದರೆ ಚಲಿಸುವ ಭಾಗ ಹೆಚ್ಚಿದಷ್ಟೂ ಕೆಡುವ ಜಾಗ ಹೆಚ್ಚು. ಕಟ್ಟಡ ಅರ್ಧಕ್ಕೆ ನಿಂತರೆ ಕೈಯಲ್ಲಿ ಎಳೆಯಬೇಡಿ. ಟೆಸ್ಟ್ ಮೆನುವಿನಲ್ಲಿ ಆ ಮೋಟಾರನ್ನು ಒಂಟಿಯಾಗಿ ಓಡಿಸಿ, ಅದರ ಸ್ಥಾನ ತಿಳಿಸುವ ಸ್ವಿಚ್ಚು ತೆರೆ-ಮುಚ್ಚು ತೋರಿಸುತ್ತಿದೆಯೇ ನೋಡಿ. ಇಲ್ಲಿ ಹಲವರು ಎಡವುವುದೊಂದಿದೆ: ಮುಂಬಾಗಿಲು ತೆರೆದಿದ್ದರೆ ಕಾಯಿಲುಗಳಿಗೆ (ಫ್ಲಿಪ್ಪರ್ ಮುಂತಾದವನ್ನು ಎಳೆಯುವ ತಂತಿಸುರುಳಿಗಳಿಗೆ) ಕರೆಂಟು ಹೋಗುವುದಿಲ್ಲ. ಬಾಗಿಲ ಬಳಿಯ ಸುರಕ್ಷತಾ ಸ್ವಿಚ್ಚನ್ನು ಹೊರಕ್ಕೆ ಎಳೆದುಕೊಳ್ಳದೆ ಟೆಸ್ಟ್ ಮಾಡಿ ‘ಏನೂ ಕೆಲಸ ಮಾಡುತ್ತಿಲ್ಲ’ ಎಂದುಕೊಳ್ಳುತ್ತಾರೆ.

ಎರಡನೆಯದು ಐರನ್ ಮೇಡನ್ (2018), ಅದೂ ಎಲ್ವಿನ್ ಅವರದೇ. ಅವರು ಕಂಪನಿ ಸೇರುವ ಮುಂಚೆ ತಾವೇ ಮನೆಯಲ್ಲಿ ಕಟ್ಟಿದ ‘ಆರ್ಚರ್’ ಎಂಬ ಮಷೀನಿನ ನಕ್ಷೆಯೇ ಇದಕ್ಕೆ ಬುನಾದಿ. ನಾಲ್ಕು ಫ್ಲಿಪ್ಪರ್, ಭಾರೀ ವೇಗ, ಗೊಂಬೆಗಳು ಕಡಿಮೆ. ಸ್ಪಿನ್ನರಿನ (ಚೆಂಡು ತಗುಲಿದರೆ ಗಿರಗಿರ ತಿರುಗುವ ತಗಡಿನ) ಅಂಕದ ಬೆಲೆ ಏರಿಸಿಕೊಂಡು ಅದನ್ನು ನೇರ ಹೊಡೆದಾಗ ಬರುವ ಆ ಗರಗರ ಸದ್ದು ಬೇರೆಲ್ಲೂ ಇಲ್ಲ. ಓಟವೊಂದನ್ನೇ ಅಳೆದರೆ ಗಾಡ್‌ಜಿಲ್ಲಾಕ್ಕಿಂತ ಮೇಲೆ. ಎರಡನೆಯದಾಗಿದ್ದು ಅದರ ಕಠಿಣತೆಯಿಂದ: ಮನೆಗೆ ಬಂದ ನೆಂಟರ ಚೆಂಡು ನಿಮಿಷದೊಳಗೆ ಔಟ್‌ಲೇನಿಗೆ ಹೋಗುತ್ತದೆ. ಇದರಲ್ಲಿ ಪ್ರೋ ಕೊಂಡರೆ ಏನೂ ಕಳೆದುಕೊಂಡಂತಲ್ಲ.

ಮೇಲಿನ ಫ್ಲಿಪ್ಪರುಗಳು ಹೆಚ್ಚಿರುವ ಮಷೀನುಗಳಲ್ಲಿ ಬರುವ ದೊಡ್ಡ ದೂರು, ಅರ್ಧ ಗಂಟೆ ಆಡಿದಮೇಲೆ ಚೆಂಡು ರ್ಯಾಂಪಿನ ಅರ್ಧದಿಂದ ವಾಪಸ್ ಬರುತ್ತದೆ ಎಂಬುದು. ಕಾಯಿಲ್ ಬಿಸಿಯಾದಾಗ ತಾಮ್ರದ ರೋಧ ಏರಿ ಕರೆಂಟು ಇಳಿಯುತ್ತದೆ, ಎಳೆತ ಕುಗ್ಗುತ್ತದೆ. ತಕ್ಷಣ ಮೆನುವಿನಲ್ಲಿ ಪವರ್ ಏರಿಸುವುದು ತಪ್ಪು, ಅದರಿಂದ ಇನ್ನಷ್ಟು ಬಿಸಿ, ಇನ್ನಷ್ಟು ಸವೆತ. ಮೊದಲು ಪ್ಲೇಫೀಲ್ಡ್ ಎತ್ತಿ ಅಡಿಯಲ್ಲಿ ನೋಡಿ. ಫ್ಲಿಪ್ಪರ್ ಸುತ್ತ ಕಪ್ಪು ಪುಡಿ ಬಿದ್ದಿದ್ದರೆ ಸ್ಲೀವ್ (ಕಾಯಿಲ್ ಒಳಗಿನ ಕೊಳವೆ) ಸವೆದಿದೆ. ಪ್ಲಂಜರಿನ (ಸ್ಲೀವಿನೊಳಗೆ ಓಡಾಡುವ ಲೋಹದ ಕಡ್ಡಿಯ) ತುದಿ ಅಣಬೆಯಾಕಾರಕ್ಕೆ ಚಪ್ಪಟೆಯಾಗಿದೆಯೇ, ಕಾಯಿಲ್ ಸ್ಟಾಪಿನ (ಪ್ಲಂಜರ್ ಬಂದು ತಾಗುವ ತಡೆಯ) ಸ್ಕ್ರೂ ಸಡಿಲವಾಗಿದೆಯೇ, ಲಿಂಕಿನ (ಪ್ಲಂಜರನ್ನು ಫ್ಲಿಪ್ಪರಿಗೆ ಜೋಡಿಸುವ ಪಟ್ಟಿಯ) ತೂತು ಅಗಲವಾಗಿದೆಯೇ ಪರೀಕ್ಷಿಸಿ. ಫ್ಲಿಪ್ಪರಿಗೂ ಅದರ ಬುಶ್ಶಿಗೂ (ಫ್ಲಿಪ್ಪರಿನ ದಂಡ ಕೂರುವ ಬಳೆ) ನಡುವೆ ಸುಮಾರು 0.8 ಮಿಲಿಮೀಟರ್ ಮೇಲೆ-ಕೆಳಗೆ ಆಡಲು ಜಾಗ ಇರಲೇಬೇಕು. ಒತ್ತಿ ಬಿಗಿದರೆ ಫ್ಲಿಪ್ಪರ್ ಕೆಳಗಿಳಿಯದೆ ಸಿಕ್ಕಿಕೊಳ್ಳುತ್ತದೆ. ಪ್ಲಂಜರಿಗೆ, ಸ್ಲೀವಿಗೆ ಎಣ್ಣೆ ಯಾವತ್ತೂ ಹಾಕಬೇಡಿ. ಧೂಳು ಸೇರಿ ಅಂಟಾಗಿ ಕೂರುತ್ತದೆ.

ಜುರಾಸಿಕ್ ಪಾರ್ಕ್ (2019) ಮೂರನೆಯದು. ದ್ವೀಪದ ನಕ್ಷೆಯಲ್ಲಿ ಯಾವ ಕಡೆ ಹೋಗಬೇಕೆಂದು ನೀವೇ ಆರಿಸುತ್ತಾ, ಸಿಬ್ಬಂದಿಯನ್ನು ಉಳಿಸುತ್ತಾ, ಡೈನೋಸಾರನ್ನು ಹಿಡಿಯುತ್ತಾ ಸಾಗಬೇಕು. ನಿಯಮಗಳ ಆಳದಲ್ಲಿ ಗಾಡ್‌ಜಿಲ್ಲಾಗೆ ಸಮ, ಆದರೆ ಹೊಡೆತಗಳು ಇಕ್ಕಟ್ಟು, ತಪ್ಪಿದರೆ ಶಿಕ್ಷೆ ಜಾಸ್ತಿ. ಚೆಂಡನ್ನು ಬಾಯಲ್ಲಿ ಕಚ್ಚುವ ಟಿ-ರೆಕ್ಸ್ ಪ್ರೀಮಿಯಂನಲ್ಲಿ ಮಾತ್ರ. ನೋಡಲು ಚೆನ್ನ, ಆಟಕ್ಕೆ ಅನಿವಾರ್ಯವಲ್ಲ.

ನಾಲ್ಕನೆಯದು ಶಿಕಾಗೋ ಗೇಮಿಂಗ್ ಕಂಪನಿ ಮರುನಿರ್ಮಿಸಿದ ಮಿಡೀವಲ್ ಮ್ಯಾಡ್‌ನೆಸ್. ಮೂಲ 1997ರದು, ವಿನ್ಯಾಸ ಬ್ರಯಾನ್ ಎಡಿ. ಹಳೆಯ ನಕ್ಷೆಯಾದರೂ ಒಳಗಿನ ಎಲೆಕ್ಟ್ರಾನಿಕ್ಸ್ ಹೊಸದು, ಹಾಗಾಗಿ ಈ ಸಾಲಿನಲ್ಲಿ ಜಾಗ ಕೊಟ್ಟಿದ್ದೇನೆ. ಕೋಟೆಗೆ ಹೊಡೆ, ಸೇತುವೆ ಇಳಿಯುತ್ತದೆ, ಬಾಗಿಲು ಒಡೆ, ಕೋಟೆ ಸಿಡಿಯುತ್ತದೆ. ಎಂಟು ವರ್ಷದ ಮಗುವಿಗೂ ಹೇಳಿಕೊಡಬೇಕಿಲ್ಲ. ಮನೆಗೆ ಜನ ಬರುವುದು ಹೆಚ್ಚಿದ್ದು, ಒಂದೇ ಮಷೀನಿಗೆ ಜಾಗ ಇದ್ದರೆ ಇದನ್ನೇ ಕೊಳ್ಳಿ. ಒಬ್ಬರೇ ದಿನಾ ಆಡುವವರಿಗೆ ಮಾತ್ರ ನಿಯಮಗಳು ಬೇಗ ಮುಗಿದುಹೋಗುತ್ತವೆ. ಕೋಟೆಯಿಂದ ಚೆಂಡು ನೇರ ಫ್ಲಿಪ್ಪರುಗಳ ನಡುವೆ ಇಳಿಯುತ್ತದೆ ಎಂದು ಸಿಟ್ಟಾಗುವವರು ಎಡಬಲದ ಮಟ್ಟವನ್ನು ಮತ್ತೊಮ್ಮೆ ಅಳೆಯಲಿ.

ಡೆಡ್‌ಪೂಲ್ (2018) ಐದನೆಯದು. ಜಾರ್ಜ್ ಗೋಮೆಜ್ ಅವರ ವಿನ್ಯಾಸ. ಕಟಾನಾ ಕತ್ತಿಯ ರ್ಯಾಂಪು ಸೊಗಸು, ಆಟ ಚುರುಕು, ಆಳ ಮಧ್ಯಮ.

ಜರ್ಸಿ ಜಾಕ್ ಕಂಪನಿಯ ಗನ್ಸ್ ಎನ್ ರೋಸಸ್ (2020) ಕೊನೆಗೆ ಬಂದಿದ್ದಕ್ಕೆ ಹಲವರಿಗೆ ಬೇಸರವಾಗಬಹುದು. ಅದರ ಬೆಳಕು, ಧ್ವನಿ, ಕಟ್ಟಿದ ಅಚ್ಚುಕಟ್ಟು ಈ ಆರರಲ್ಲೇ ಮೊದಲು. ಬ್ಯಾಂಡಿನವರನ್ನು ಒಬ್ಬೊಬ್ಬರನ್ನಾಗಿ ಸೇರಿಸಿಕೊಂಡು ಹಾಡು ಶುರುಮಾಡುವ ಕ್ರಮವೂ ಚೆನ್ನಾಗಿದೆ. ಆದರೆ ಹೆಚ್ಚು ಹೊತ್ತು ಮಲ್ಟಿಬಾಲೇ ಓಡುತ್ತಿರುತ್ತದೆ, ಯಾವ ಚೆಂಡಿಗೆ ಗುರಿಯಿಡಬೇಕೆಂದು ಯೋಚಿಸಲು ಬಿಡುವಿಲ್ಲ. ಒಂದು ಆಟ ಉದ್ದವಾಗುತ್ತದೆ, ಮುಗಿದ ಕೂಡಲೇ ಇನ್ನೊಂದು ಆಡೋಣ ಅನಿಸುವುದಿಲ್ಲ.

ಯಾವ ಮಷೀನೇ ಇರಲಿ, ಚೆಂಡಿನ ಕಡೆ ಕಣ್ಣಿರಲಿ. 27 ಮಿಲಿಮೀಟರ್ ದಪ್ಪ, ಸುಮಾರು 80 ಗ್ರಾಂ ತೂಕದ ಉಕ್ಕು. ಗೀರು ಬಿದ್ದರೆ ಪ್ಲೇಫೀಲ್ಡನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಬೆಳಕಿಗೆ ಹಿಡಿದಾಗ ಹೊಳಪು ಮಾಸಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಆಯಸ್ಕಾಂತ ಇರುವ ಮಷೀನುಗಳಲ್ಲಿ ಚೆಂಡಿಗೂ ಕಾಂತಗುಣ ಹತ್ತಿ, ಎರಡು ಒಂದಕ್ಕೊಂದು ಅಂಟಿಕೊಂಡು ಮಷೀನಿನ ಲೆಕ್ಕ ತಪ್ಪುತ್ತದೆ. ಪೇಪರ್ ಕ್ಲಿಪ್ಪನ್ನು ಎತ್ತುತ್ತಿದ್ದರೆ ಆ ಚೆಂಡು ಬೇಡ. ಒರೆಸಲು ಮೈಕ್ರೋಫೈಬರ್ ಬಟ್ಟೆ, ಮೇಲೆ ತೆಳ್ಳಗೆ ಕಾರ್ನೌಬಾ ಮೇಣ. ನೀರು, ಗಾಜು ಒರೆಸುವ ದ್ರವ ಪ್ಲೇಫೀಲ್ಡಿಗೆ ಬೇಡ. ತೆಗೆದ ಗಾಜನ್ನು ಟೈಲ್ಸ್ ನೆಲದ ಮೇಲೆ ಅಂಚೂರಿ ನಿಲ್ಲಿಸಬೇಡಿ. ಟೆಂಪರ್ಡ್ ಗಾಜು ಮೂಲೆಗೆ ಸಣ್ಣ ಏಟು ಬಿದ್ದರೂ ಇಡೀ ಹಾಳೆ ಪುಡಿಯಾಗುತ್ತದೆ. ಅಮೆರಿಕದಿಂದ ವಾಪಸ್ ಬರುವಾಗ ಮಷೀನನ್ನು ಬೆಂಗಳೂರಿಗೋ ಮೈಸೂರಿಗೋ ತರುವವರು ಒಳಗಿನ ವೋಲ್ಟೇಜ್ ಲೇಬಲ್ ಓದಿ ಖಚಿತಪಡಿಸಿಕೊಳ್ಳುವ ತನಕ 230 ವೋಲ್ಟ್ ಪ್ಲಗ್ಗಿಗೆ ಹಾಕಬೇಡಿ.