ಅಕ್ಟೋಬರ್ 3 ನಮ್ಮ ಕ್ಯಾಲೆಂಡರಿನಲ್ಲಿಲ್ಲ

ಅಟ್ಲಾಂಟಾದಲ್ಲಿ ನಾವು ರಾಜ್ಯೋತ್ಸವ ಮಾಡುವುದು ಬಾಡಿಗೆಗೆ ಹಿಡಿದ ಶಾಲೆಯೊಂದರ ಸಭಾಂಗಣದಲ್ಲಿ. ಕಳೆದ ಸಲ ಅಲ್ಯೂಮಿನಿಯಂ ಟ್ರೇಯಿಂದ ಬಿಸಿಬೇಳೆಬಾತ್ ಹಾಕಿಸಿಕೊಳ್ಳುತ್ತಾ ಹಿರಿಯರೊಬ್ಬರು ಹಳೆಯ ಕಥೆ ತೆಗೆದರು. 1969ರಲ್ಲಿ ಜೇಬಿನಲ್ಲಿ ಎಂಟು ಡಾಲರ್ ಇಟ್ಟುಕೊಂಡು ಬಂದಿಳಿದದ್ದು. "ನಮ್ಗೆ ಯಾರೂ ಏನೂ ಬಿಟ್ಟಿ ಕೊಡ್ಲಿಲ್ಲ ಕಣಯ್ಯಾ. ಓದಿದ್ವಿ, ಬಂದ್ವಿ." ಸುತ್ತ ಇದ್ದವರು ತಲೆಯಾಡಿಸಿದರು. ನಾನೂ ಆಡಿಸಿದೆ. ಕೈಯಲ್ಲಿ ತಟ್ಟೆ ಇರುವಾಗ ವಾದ ಮಾಡಬಾರದು.

ಓದಿದವರು ನಮ್ಮಲ್ಲಿ ಅದಕ್ಕೂ ಮುಂಚೆ ಇರಲಿಲ್ಲವೇ? ಇದ್ದರು. ಬಾಗಿಲು ಮುಚ್ಚಿತ್ತು. 1917ರ ಕಾನೂನು ಏಷ್ಯಾದ ಬಹುಭಾಗಕ್ಕೇ ಗೆರೆ ಎಳೆದು ಹೊರಗಿಟ್ಟಿತ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೇ ಸೇರಿದ್ದ ಭಗತ್ ಸಿಂಗ್ ಥಿಂಡ್ ಬಿಳಿಯನಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹನಲ್ಲ ಎಂದು 1923ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 1946ರಲ್ಲಿ ಮನಸ್ಸು ಕರಗಿ ಕೊಟ್ಟದ್ದು ಇಡೀ ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ. ನಮ್ಮ ಕೂಟದ ಊಟದ ಸಾಲೇ ಅದಕ್ಕಿಂತ ಉದ್ದ.

ದೇಶ ನೋಡಿ ಅಳೆಯುವ ಆ ಕೋಟಾ ಪದ್ಧತಿಗೆ ಕೊನೆ ಹಾಡಿದ ಕಾಯ್ದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ್ದು 1965ರ ಅಕ್ಟೋಬರ್ 3ರಂದು, ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ. ಇದೇನೂ ಕ್ರಾಂತಿಕಾರಿ ಮಸೂದೆಯಲ್ಲ ಎಂದೂ ಅವರು ಹೇಳಿದ್ದರು. ಬಂಧುಗಳಿಗೆ ಆದ್ಯತೆ ಕೊಟ್ಟರೆ ಹೇಗೂ ಯುರೋಪಿನವರೇ ಹೆಚ್ಚು ಬರುತ್ತಾರೆಂದು ಲೆಕ್ಕ ಹಾಕಿ ಒಪ್ಪಿದವರೂ ಇದ್ದರು. ಅಣ್ಣ, ತಂಗಿ, ಭಾವ ಅಂತ ನಮ್ಮ ಬಳಗ ಎಷ್ಟು ದೊಡ್ಡದೆಂದು ಪಾಪ, ಅವರಿಗೇನು ಗೊತ್ತು!

ಆ ಸಹಿಗೆ ಏಳು ತಿಂಗಳ ಮುಂಚೆ, ಮಾರ್ಚ್ 7ರಂದು, ಅಲಬಾಮದ ಸೆಲ್ಮಾದಲ್ಲಿ ಮತದಾನದ ಹಕ್ಕು ಕೇಳಿ ನಡೆದು ಹೊರಟ ಕಪ್ಪು ಜನರನ್ನು ಪೊಲೀಸರು ಸೇತುವೆ ದಾಟಿದಲ್ಲೇ ತಡೆದು, ಲಾಠಿ ಬೀಸಿ, ಅಶ್ರುವಾಯು ಬಿಟ್ಟರು. ಆಗಸ್ಟ್‌ನಲ್ಲಿ ಮತದಾನ ಹಕ್ಕಿನ ಕಾಯ್ದೆ ಬಂತು. ಬಣ್ಣ ನೋಡಿ ಮತ ತಪ್ಪಿಸುವುದು ಅನ್ಯಾಯವಾದರೆ ಹುಟ್ಟಿದ ದೇಶ ನೋಡಿ ವೀಸಾ ತಪ್ಪಿಸುವುದೂ ಅನ್ಯಾಯವೇ ಎಂಬ ಮಾತಿಗೆ ಬಲ ಕೊಟ್ಟವರು ಆ ಏಟು ತಿಂದವರು. ನಮ್ಮವರ ಡಿಗ್ರಿ ಆಮೇಲಿನದು.

ಸೆಲ್ಮಾ ನಮ್ಮಲ್ಲಿಂದ ಕಾರಿನಲ್ಲಿ ಮೂರೂವರೆ ಗಂಟೆ. ಹೋಗಿ ಬಂದೆ. ಸೇತುವೆ ನಡುವೆ ಉಬ್ಬಿದೆ, ನೆತ್ತಿ ಹತ್ತುವವರೆಗೂ ಆಚೆ ದಡದಲ್ಲಿ ಯಾರು ನಿಂತಿದ್ದಾರೆಂದು ಕಾಣುವುದಿಲ್ಲ. ಮೇಲೆ ಉಕ್ಕಿನ ಕಮಾನಿನಲ್ಲಿ ದಪ್ಪಕ್ಷರದ ಹೆಸರು: ಎಡ್ಮಂಡ್ ಪೆಟಸ್. ಗುಲಾಮಗಿರಿ ಉಳಿಸಲು ಕಾದಾಡಿದ ದಕ್ಷಿಣದ ಸೇನೆಯ ಜನರಲ್. ನಮ್ಮೂರಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಹೊಸ ಬೋರ್ಡು ಬಿದ್ದು, ಜನ ಮಾತ್ರ ಹಳೆಯ ಹೆಸರಲ್ಲೇ ಕರೆಯುತ್ತಿದ್ದರು, ಕಬ್ಬನ್ ಪಾರ್ಕಿನ ಹಾಗೆ. ನನಗೆ ಇಲ್ಲಿಯ ರೀತಿಯೇ ಹಿಡಿಸಿತು. ಯಾರ ಹೆಸರಿನ ಕೆಳಗೆ ಯಾರು ದಾಟಿದರೆಂದು ಕಣ್ಣಿಗೆ ಕಾಣುತ್ತದೆ.

ರಾಜ್ಯೋತ್ಸವಕ್ಕೆ ಆಲೂರು ವೆಂಕಟರಾಯರ ಫೋಟೋಕ್ಕೆ ಹಾರ ಹಾಕುತ್ತೇವೆ. 1956 ತಾನಾಗಿ ಬರಲಿಲ್ಲ, ದುಡಿದವರಿದ್ದರು ಅಂತ ನಮಗೆ ಗೊತ್ತು. ಅದೇ ನಾವು 1965 ಮಾತ್ರ ಆಕಾಶದಿಂದ ಉದುರಿತೆಂಬಂತೆ ಕೂತಿದ್ದೇವೆ.

ಈ ಸಲ ಇದನ್ನು ವೇದಿಕೆಯಲ್ಲಿ ಹೇಳಬೇಕೆಂದು ಸಮಿತಿಯವರನ್ನು ಕೇಳಿದೆ. ಅಂತ್ಯಾಕ್ಷರಿ ಮುಗಿದ ಮೇಲೆ, ಊಟಕ್ಕೆ ಕರೆಯುವ ಮುಂಚೆ ಐದು ನಿಮಿಷ ಕೊಟ್ಟಿದ್ದಾರೆ.