ಅಡ್ಡಿಯಾಗಿರುವುದು ಪರಂಪರೆಯಲ್ಲ

ಹುಬ್ಬಳ್ಳಿ-ಧಾರವಾಡದ ರಾಕ್ ಸಂಗೀತದ ಕುರಿತು ಪ್ರಕಟವಾದ ಲೇಖನಕ್ಕೆ ಈ ಪ್ರತಿಕ್ರಿಯೆ. ಹಿಂದುಸ್ತಾನಿ ಸಂಗೀತದ ಗಾಢ ಪರಂಪರೆಯೇ ಇಲ್ಲಿ ರಾಕ್ ಬೇರೂರದಂತೆ ತಡೆದಿದೆ ಎಂಬ ಲೇಖಕರ ಮಾತನ್ನು ಒಪ್ಪಲಾಗದು. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರರನ್ನು ಗಂಟೆಗಟ್ಟಲೆ ಕೂತು ಕೇಳಿದ ಊರಿಗೆ ಹತ್ತು ನಿಮಿಷದ ಗಿಟಾರ್ ವಾದನ ಭಾರವಾದೀತೆಂದು ನಂಬುವುದು ಕಷ್ಟ. ನಿಜವಾದ ಅಡ್ಡಿ ದುಡ್ಡಿನದು. ಎಂಜಿನಿಯರಿಂಗ್ ಕಾಲೇಜುಗಳ ಉತ್ಸವಗಳಲ್ಲಿ ಸೊಗಸಾಗಿ ನುಡಿಸುವ ಹುಡುಗರಿಗೆ ಪದವಿ ಮುಗಿದ ಮೇಲೆ ತಾಲೀಮಿಗೊಂದು ಬಾಡಿಗೆ ಕೋಣೆಯಾಗಲಿ, ಟಿಕೆಟ್ ಇಟ್ಟು ಕಾರ್ಯಕ್ರಮ ನಡೆಸಬಹುದಾದ ಸಣ್ಣ ವೇದಿಕೆಯಾಗಲಿ ಸುಲಭಕ್ಕೆ ಸಿಗುವುದಿಲ್ಲ. ನಾನು ಬಲ್ಲ ಡ್ರಮ್ಮರ್ ಒಬ್ಬರು ಅಂಗಡಿಯ ಮಾಳಿಗೆಯ ಮೇಲೆ, ನೆರೆಯವರಿಗೆ ಸದ್ದು ತಟ್ಟದಂತೆ ಡ್ರಮ್ಮುಗಳಿಗೆ ಹಳೆಯ ಕೌದಿ ಹೊದಿಸಿ ಅಭ್ಯಾಸ ಮಾಡುತ್ತಾರೆ. ಅವರ ಮನೆ ನಡೆಯುವುದು ಗಣೇಶೋತ್ಸವ ಮತ್ತು ಮದುವೆಗಳ ಆರ್ಕೆಸ್ಟ್ರಾದಿಂದ (ಅದನ್ನು ನಾನು ಕೀಳೆಂದು ಎಣಿಸುವುದಿಲ್ಲ).

ಇಲ್ಲಿ ರಾಕ್‌ಗೆ ಒಗ್ಗುವ ಸಾಹಿತ್ಯವಿಲ್ಲ ಎಂಬ ಲೇಖಕರ ಇನ್ನೊಂದು ಮಾತಂತೂ ವಿಚಿತ್ರ. ಹಾವೇರಿ ಜಿಲ್ಲೆಯ ಶಿಶುನಾಳ ಶರೀಫರ ಪದಗಳನ್ನು ಗಿಟಾರಿಗೆ ಹೊಂದಿಸಿ ಬೆಂಗಳೂರಿನ ಗಾಯಕ ರಘು ದೀಕ್ಷಿತ್ ಅವರ ತಂಡ ವಿದೇಶದ ವೇದಿಕೆಗಳವರೆಗೆ ಒಯ್ದಿದೆ. ಪದ ನಮ್ಮದು, ಆದರೆ ಸ್ಟುಡಿಯೋ, ಧ್ವನಿ ತಂತ್ರಜ್ಞರು ಮತ್ತು ಅದರಿಂದ ಬರುವ ಸಂಪಾದನೆ ಬೆಂಗಳೂರಿನವು. ಸೃಜನಶೀಲ ಆರ್ಥಿಕತೆಯ, ಅಂದರೆ ಕಲೆ-ಸಂಗೀತಗಳಿಂದ ಹುಟ್ಟುವ ದುಡಿಮೆಯ ಬಗ್ಗೆ ಇಷ್ಟು ಉತ್ಸಾಹದಿಂದ ಬರೆದಿರುವ ಲೇಖಕರು, ಅವಳಿ ನಗರದ ಸಭಾಭವನಗಳನ್ನು ವಾರದ ನಡುವಿನ ಸಂಜೆಗಳಲ್ಲಿ ಕಡಿಮೆ ಬಾಡಿಗೆಗೆ ಇಂಥ ತಂಡಗಳಿಗೆ ಕೊಡಿಸುವ ಬಗೆಗೂ ಬರೆಯಬೇಕಿತ್ತು.