ಷಡ್ಜ ಕದಲುವ ಸಂಗೀತಕ್ಕೆ ಕಿವಿ ಒಗ್ಗಿಸುವುದು

ಕರ್ನಾಟಕ ಸಂಗೀತ ಕೇಳಿ ಬೆಳೆದ ಹೊರನಾಡ ಕನ್ನಡಿಗರು ಸಿಂಫನಿಯ (ಆರ್ಕೆಸ್ಟ್ರಾಕ್ಕೆಂದು ಬರೆದ, ಹಲವು ಭಾಗಗಳ ಪಾಶ್ಚಾತ್ಯ ಕೃತಿ) ಬಗ್ಗೆ ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ‘ವಾದ್ಯಗಳೇನೋ ಚೆನ್ನ, ಆದರೆ ಮನಸ್ಸು ಎಲ್ಲೂ ನಿಲ್ಲುವುದಿಲ್ಲ.’ ಪಾಶ್ಚಾತ್ಯ ಸಂಗೀತ ಕೇಳಿ ಬೆಳೆದವರು ನಮ್ಮ ಆಲಾಪನೆಯ ಬಗ್ಗೆ ಇದಕ್ಕೆ ತದ್ವಿರುದ್ಧ ದೂರು ಹೇಳುತ್ತಾರೆ: ‘ಇದು ನಿಂತಲ್ಲೇ ನಿಂತಿದೆ.’ ಇಬ್ಬರದೂ ರುಚಿಯ ಸಮಸ್ಯೆ ಅಲ್ಲ. ಇಬ್ಬರ ಕಿವಿಯೂ ತನಗೆ ಅಭ್ಯಾಸವಾದ ಷಡ್ಜವನ್ನು, ಅಂದರೆ ಆಧಾರ ಸ್ವರ ‘ಸ’ವನ್ನು, ಹುಡುಕುತ್ತಿರುತ್ತದೆ.

ನಮ್ಮ ಕಚೇರಿ ಮೂರು ಗಂಟೆ ನಡೆದರೂ ತಂಬೂರಿಯ ಷಡ್ಜ ಅಲುಗುವುದಿಲ್ಲ. ಹಂಸಧ್ವನಿ ರಾಗ ಮುಗಿದು ತೋಡಿ ಬರಬಹುದು, ಆಧಾರ ಅದೇ. ಗ್ರಹಭೇದ (ರಾಗದ ಬೇರೊಂದು ಸ್ವರವನ್ನೇ ಷಡ್ಜವೆಂದುಕೊಂಡು ಹಾಡುವುದು) ಮಾಡಿದರೂ ಕ್ಷಣಹೊತ್ತು, ಕೂಡಲೇ ವಾಪಸು. ಸಿಂಫನಿಯಲ್ಲಾದರೋ ಷಡ್ಜವೇ ಮನೆ ಬಿಟ್ಟು ಹೊರಡುತ್ತದೆ, ದೂರ ಹೋಗುತ್ತದೆ, ಮರಳುತ್ತದೆ. ಕೇಳಬೇಕಾದ್ದು ಆ ಪಯಣವನ್ನೇ. ಇದನ್ನು ಯಾರೂ ಮೊದಲೇ ಹೇಳದ ಕಾರಣ ನಮ್ಮವರು ರಾಗ ಹುಡುಕುತ್ತಾ ಸುಸ್ತಾಗುತ್ತಾರೆ.

ಬೀಥೋವನ್‌ನ ಐದನೇ ಸಿಂಫನಿಯನ್ನೇ ತೆಗೆದುಕೊಳ್ಳಿ. 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಮೊದಲು ನುಡಿಸಿದ್ದು, ಸುಮಾರು ಅರ್ಧ ಗಂಟೆಯ ಕೃತಿ. ಮೊದಲ ದಿನವೇ ಪೂರ್ತಿ ಕೇಳಬೇಡಿ. ಮೊದಲ ಒಂದೂವರೆ ನಿಮಿಷ ಸಾಕು. ಶುರುವಾಗುವುದು ಸಿ ಮೈನರ್‌ನಲ್ಲಿ, ಅಂದರೆ ಸಿ ಸ್ವರವೇ ಷಡ್ಜ, ನಮ್ಮ ಲೆಕ್ಕದಲ್ಲಿ ನಟಭೈರವಿ ಮತ್ತು ಕೀರವಾಣಿ ರಾಗಗಳ ನಡುವೆ ಓಡಾಡುವ ಸ್ವರಗಳು. ಮುಕ್ಕಾಲು ನಿಮಿಷದ ಹೊತ್ತಿಗೆ ಹಾರ್ನ್‌ಗಳು ಗಟ್ಟಿಯಾಗಿ ಕೂಗುತ್ತವೆ, ಹಿಂದೆಯೇ ವಯೊಲಿನ್‌ನಲ್ಲಿ ಮೆತ್ತನೆಯ ರಾಗವೊಂದು ಬರುತ್ತದೆ. ಆ ಹೊತ್ತಿಗೆ ಷಡ್ಜ ಸಿ ಬಿಟ್ಟು ಇ ಫ್ಲಾಟ್‌ಗೆ ಹೋಗಿ ಕೂತಿದೆ. ಅಂದರೆ ನಟಭೈರವಿಯ ಗಾಂಧಾರವೇ ಹೊಸ ಷಡ್ಜ. ಗ್ರಹಭೇದ ಬಲ್ಲವರಿಗೆ ಇದು ಪರಿಚಿತ ಜಾಗ: ನಟಭೈರವಿಯ ಗಾಂಧಾರದಿಂದ ಹೊರಟರೆ ಸಿಗುವುದು ಶಂಕರಾಭರಣ. ಸಾಮಾನ್ಯವಾಗಿ ಇಷ್ಟೂ ಭಾಗವನ್ನು ಕೂಡಲೇ ಮತ್ತೊಮ್ಮೆ ನುಡಿಸುತ್ತಾರೆ, ಹಾಗಾಗಿ ಮೊದಲ ಸಲ ತಪ್ಪಿಸಿಕೊಂಡದ್ದು ಎರಡನೇ ಸಲ ಸಿಗುತ್ತದೆ.

ಕಿವಿಗೆ ಇನ್ನೂ ಗೊತ್ತಾಗದಿದ್ದರೆ ಫೋನಿನ ತಂಬೂರಿ ಆ್ಯಪ್ ಅನ್ನು ಸಿ ಶ್ರುತಿಗಿಟ್ಟು ಸಣ್ಣಗೆ ಹಾಕಿಕೊಳ್ಳಿ. ಆರಂಭದಲ್ಲಿ ಷಡ್ಜ ನೆಲದಂತೆ ಇರುತ್ತದೆ. ಹಾರ್ನ್ ಕೂಗಿದ ಮೇಲೆ ರಾಗ ಅದರ ಮೇಲೆ ನಿಲ್ಲದೆ ಜಾರತೊಡಗುತ್ತದೆ. ಒಂದು ಎಚ್ಚರಿಕೆ: ಹಳೆಯ ಕಾಲದ ವಾದ್ಯಗಳಲ್ಲಿ ನುಡಿಸುವ ತಂಡಗಳು ಎ ಸ್ವರವನ್ನು 440ರ ಬದಲು 430 ಹರ್ಟ್ಸ್ ಆಸುಪಾಸಿಗೆ ಇಳಿಸಿರುತ್ತವೆ. ಆಗ ತಂಬೂರಿ ಮೊದಲಿಂದಲೂ ಅಪಶ್ರುತಿಯೇ. ಆ್ಯಪ್‌ನಲ್ಲಿ ಶ್ರುತಿಯನ್ನು ಸೂಕ್ಷ್ಮವಾಗಿ ಇಳಿಸಿ, ಇಲ್ಲವೇ ಬೇರೆ ಧ್ವನಿಮುದ್ರಣ ಹುಡುಕಿ. 1974ರಲ್ಲಿ ಕಾರ್ಲೋಸ್ ಕ್ಲೈಬರ್ ವಿಯೆನ್ನಾ ಫಿಲ್‌ಹಾರ್ಮೊನಿಕ್ ಜೊತೆ ಮಾಡಿದ್ದು ಆರಂಭಕ್ಕೆ ನನ್ನ ಆಯ್ಕೆ. ಅದರಲ್ಲಿ ಲಯ ಎಲ್ಲೂ ಸಡಿಲಾಗುವುದಿಲ್ಲ.

ನಂತರ ನೇರವಾಗಿ ಮೂರನೇ ಮೂವ್‌ಮೆಂಟಿನ (ಭಾಗದ) ಕೊನೆಗೆ ಹೋಗಿ. ತಂತಿವಾದ್ಯಗಳು ತಗ್ಗಿನಲ್ಲಿ ಸ್ವರ ಹಿಡಿದು ನಿಂತಿರುತ್ತವೆ, ಟಿಂಪನಿ (ಆರ್ಕೆಸ್ಟ್ರಾದ ನಗಾರಿ) ಮಾತ್ರ ಮೆಲ್ಲಗೆ ಬಡಿಯುತ್ತಿರುತ್ತದೆ. ಎಲ್ಲೂ ನಿಲ್ಲದೆ ನಾಲ್ಕನೆಯದು ಸಿ ಮೇಜರ್‌ನಲ್ಲಿ ಸ್ಫೋಟಿಸುತ್ತದೆ. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಟ್ರಂಬೋನ್‌ಗಳು ಆಗಲೇ ಬಾಯಿ ತೆರೆಯುತ್ತವೆ. ಷಡ್ಜ ಮತ್ತೆ ಅದೇ ಸಿ, ಆದರೆ ಗಾಂಧಾರ ಸಾಧಾರಣದಿಂದ ಅಂತರಕ್ಕೆ, ಅಂದರೆ ಅರ್ಧ ಸ್ವರ ಮೇಲಕ್ಕೆ, ಏರಿದೆ. ಒಂದು ಗಾಂಧಾರದ ವ್ಯತ್ಯಾಸ ಇಡೀ ಸಭಾಂಗಣದ ಬೆಳಕನ್ನೇ ಬದಲಿಸಬಲ್ಲದು ಎಂಬುದು ನಮ್ಮವರಿಗೆ ಗೊತ್ತಿಲ್ಲದ ವಿಷಯವೇ? ಕೇಳಲು ಬೇಕಾದ ವಿದ್ಯೆ ನಮ್ಮಲ್ಲಿ ಆಗಲೇ ಇದೆ.

ಇನ್ನು, ಪ್ರೀತಿ ಹುಟ್ಟುವ ದಾರಿಯ ವಿಷಯ. ಪಶ್ಚಿಮದ ಸಭಾಂಗಣಗಳಲ್ಲಿ ಕೃತಿಯ ಹಿನ್ನೆಲೆ, ಸಂಯೋಜಕನ ಜೀವನ ಎಲ್ಲವನ್ನೂ ಅಚ್ಚುಹಾಕಿ ಕೈಗೆ ಕೊಡುತ್ತಾರೆ. ತಪ್ಪೇನಿಲ್ಲ, ಆದರೆ ಓದಿದ್ದರಿಂದ ಕಿವಿ ತೆರೆಯುವುದಿಲ್ಲ. ಒಂದೇ ಕೃತಿಯನ್ನು ಹತ್ತು ಜನರ ಕಂಠದಲ್ಲಿ ಕೇಳಿ, ಸಾಲು ಬರುವ ಮೊದಲೇ ಗುನುಗಿ, ತೊಡೆಯ ಮೇಲೆ ತಾಳ ಹಾಕುವ ನಮ್ಮ ರೂಢಿಯೇ ಹೆಚ್ಚು ಬಲವಾದದ್ದು ಎಂದು ನಾನು ನಂಬಿದ್ದೇನೆ. ಮುಂದೇನು ಬರುತ್ತದೆ ಎಂದು ಗೊತ್ತಿದ್ದು ಅದಕ್ಕಾಗಿ ಕಾಯುವುದರಲ್ಲೇ ಸುಖ ಇರುವುದು. ಹಾಗಾಗಿ ವಾರಕ್ಕೊಂದು ಹೊಸ ಸಿಂಫನಿ ಕೇಳುವುದಕ್ಕಿಂತ ಒಂದೇ ಮೂವ್‌ಮೆಂಟನ್ನು ವಾರವಿಡೀ ಕೇಳುವುದು ಮೇಲು. ಕಾರಿನಲ್ಲಿ ಮಾತ್ರ ಬೇಡ: ಆರ್ಕೆಸ್ಟ್ರಾದ ಮೆಲುದನಿಗೂ ಗಟ್ಟಿದನಿಗೂ ಅಂತರ ತುಂಬ ದೊಡ್ಡದು, ಮೆಲುಭಾಗಗಳೆಲ್ಲ ಎಂಜಿನ್ ಸದ್ದಿನಲ್ಲಿ ಮುಳುಗುತ್ತವೆ.

ಮೂವ್‌ಮೆಂಟುಗಳ ನಡುವೆ ಚಪ್ಪಾಳೆ ತಟ್ಟಬಾರದೆಂಬ ಶಿಸ್ತು ನಮ್ಮವರನ್ನು ಹೆದರಿಸುತ್ತದೆ. ಸಭೆಯ ಮರ್ಯಾದೆ ಪಾಲಿಸಲೇಬೇಕು, ಆದರೆ ಅದು ಸಂಗೀತದ ಜೊತೆಗೇ ಹುಟ್ಟಿದ್ದಲ್ಲ. 1778ರಲ್ಲಿ ಪ್ಯಾರಿಸ್ಸಿನ ಕೇಳುಗರು ತನ್ನ ಸಿಂಫನಿಯ ನಡುವೆಯೇ ಚಪ್ಪಾಳೆ ತಟ್ಟಿದರೆಂದು ಮೊಜಾರ್ಟ್ ಖುಷಿಯಿಂದ ತಂದೆಗೆ ಬರೆದಿದ್ದಾನೆ. 1813ರಲ್ಲಿ ಬೀಥೋವನ್‌ನ ಏಳನೆಯದನ್ನು ಮೊದಲು ನುಡಿಸಿದಾಗ ಎರಡನೇ ಮೂವ್‌ಮೆಂಟನ್ನು ಜನ ಅಲ್ಲೇ ಮತ್ತೊಮ್ಮೆ ನುಡಿಸಿ ಎಂದರು. ನಮ್ಮ ‘ಭಲೇ’ಗೂ ಅದಕ್ಕೂ ದೂರವೇನಿಲ್ಲ.

ಎರಡೂ ಒಬ್ಬರಿಗೇ ದಕ್ಕೀತೇ ಎಂದು ಕೇಳುವವರಿಗೆ ಜಯಚಾಮರಾಜ ಒಡೆಯರ್ ಅವರೇ ಉತ್ತರ. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ಅವರೇ ರಷ್ಯದ ಸಂಯೋಜಕ ಮೆಡ್ನರ್‌ನ ಕೃತಿಗಳು ಧ್ವನಿಮುದ್ರಣವಾಗಲು ಹಣ ಕೊಟ್ಟರು. 1950ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದದ್ದೂ ಅವರ ನೆರವಿನಿಂದಲೇ.

ಪಶ್ಚಿಮದ ಸ್ನೇಹಿತರನ್ನು ನಮ್ಮ ಸಂಗೀತದತ್ತ ಕರೆತರುವಾಗ ನಾವು ಮಾಡುವ ಎಡವಟ್ಟು ಇನ್ನೂ ದೊಡ್ಡದು: ನೇರವಾಗಿ ರಾಗ-ತಾನ-ಪಲ್ಲವಿಗೆ (ಕಚೇರಿಯ ದೀರ್ಘ ಮನೋಧರ್ಮದ ಭಾಗಕ್ಕೆ) ಕೂರಿಸುತ್ತೇವೆ. ಪಿಯಾನೊ ಕೇಳಿದ ಕಿವಿಗೆ ತೋಡಿಯ ಗಾಂಧಾರದ ಕಂಪಿತ (ಸ್ವರವನ್ನು ತೂಗಾಡಿಸುವ ಗಮಕ) ಶ್ರುತಿ ತಪ್ಪಿದಂತೆಯೇ ಕೇಳಿಸುತ್ತದೆ. ಮುತ್ತುಸ್ವಾಮಿ ದೀಕ್ಷಿತರ ನೋಟುಸ್ವರಗಳಿಂದ ಶುರು ಮಾಡಿ. ಪಾಶ್ಚಾತ್ಯ ಧಾಟಿಗೆ ಸಂಸ್ಕೃತ ಸಾಹಿತ್ಯ, ಶಂಕರಾಭರಣದ ಸ್ವರಗಳು, ಗಮಕ ಇಲ್ಲವೆನ್ನುವಷ್ಟು ಕಡಿಮೆ. ಆಮೇಲೆ ಆದಿತಾಳದ ಒಂದು ವರ್ಣ, ಜೊತೆಗೆ ಕೈಗೆ ಕೆಲಸ: ಒಂದು ಘಾತ, ಕಿರುಬೆರಳು, ಉಂಗುರಬೆರಳು, ನಡುಬೆರಳು, ಮತ್ತೆರಡು ಸಲ ಘಾತ-ವಿಸರ್ಜಿತ (ತಟ್ಟಿ, ಅಂಗೈ ಮೇಲಾಗಿಸುವುದು). ಮೂರನೆಯದು ಸಂಗತಿಗಳು ಬೆಳೆಯುವ ಕೃತಿ, ಏಕೆಂದರೆ ಒಂದು ವಾಕ್ಯ ಹಂತಹಂತವಾಗಿ ಅರಳುವುದನ್ನು ಅವರು ತಮ್ಮ ‘ವೇರಿಯೇಶನ್’ಗಳಲ್ಲಿ ಕೇಳಿಯೇ ಇರುತ್ತಾರೆ. ಆಲಾಪನೆ ಆಮೇಲೆ, ಅದೂ ಐದು ನಿಮಿಷದ್ದು.

ಆ ಬೆರಳೆಣಿಕೆ ನಮಗೂ ಅತ್ತ ಕಡೆ ಉಪಯೋಗಕ್ಕೆ ಬರುತ್ತದೆ. ಐದನೆಯದು ಒಗ್ಗಿದ ಮೇಲೆ ಬ್ರಾಮ್ಸ್‌ನ ನಾಲ್ಕನೇ ಸಿಂಫನಿಯ ಕೊನೆಯ ಮೂವ್‌ಮೆಂಟ್ ಹಾಕಿ. ಎಂಟು ಬಾರ್‌ಗಳ (ತಾಳದ ಸಣ್ಣ ಅಳತೆಗಳ) ಒಂದು ವಾಕ್ಯ, ಅದರ ಮೇಲೆ 30 ಬಗೆಯ ವಿಸ್ತಾರ. ಪ್ರತಿ ಬಾರ್‌ಗೆ ಒಂದು ಎಣಿಕೆ ಹಾಕಿದರೆ ಪ್ರತಿ ಸುತ್ತೂ ಸರಿಯಾಗಿ ಒಂದು ಆದಿತಾಳದ ಆವರ್ತ. ಎಲ್ಲರೂ ತಪ್ಪುವುದು ಕೊಳಲು ಒಂಟಿಯಾಗಿ ನುಡಿಯುವ ಕಡೆ: ಅಲ್ಲಿಂದ ನಾಲ್ಕು ಸುತ್ತು ಪ್ರತಿ ಬಾರೂ ದುಪ್ಪಟ್ಟು ಉದ್ದ, ಹಾಗಾಗಿ ಎಣಿಕೆಯನ್ನು ಅರ್ಧ ವೇಗಕ್ಕೆ ಇಳಿಸಿ. ಟ್ರಂಬೋನ್‌ಗಳ ಮೆಲುದನಿಯ ಸುತ್ತು ಮುಗಿದು ಆರಂಭದ ವಾಕ್ಯ ಗಟ್ಟಿಯಾಗಿ ಮರಳಿದ ಕೂಡಲೇ ಮೊದಲಿನ ವೇಗಕ್ಕೆ ಬನ್ನಿ.